ಬರೆದುಕೊಂಡದ್ದೂ ಬರೆಸಿದ್ದೂ

ಕಳೆದ ದೀಪಾವಳಿಗೆ ನಮ್ಮ ಅಣ್ಣನವರ ಮೊಮ್ಮಗ ಮನೆಗೆ ಬಂದಿದ್ದ. ಬೆಂಗಳೂರಿನ ಕಾಲೇಜೊಂದರಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಚುರುಕಾದವನು, ಹಿರಿಯರಲ್ಲಿ ಗೌರವವುಳ್ಳವನು. ಎಣ್ಣೆಸ್ನಾನ, ಹೋಳಿಗೆಯೂಟಗಳೆಲ್ಲ ಮುಗಿದು ಜಗುಲಿಯಲ್ಲಿ ಕುಳಿತಾಗಲೂ ಅವನ ಮುಖದಲ್ಲಿ ಹಬ್ಬದ ಕಳೆ ಕಾಣಲಿಲ್ಲ. ಮೆಲ್ಲನೆ ವಿಚಾರಿಸಿದೆ. ಮೂರನೆಯ ಸೆಮಿಸ್ಟರಿನ ‘ಸ್ಟ್ರೆಂತ್ ಆಫ್ ಮೆಟೀರಿಯಲ್ಸ್’ ಎಂಬ ವಿಷಯ ಎರಡು ಬಾರಿ ಕೈಕೊಟ್ಟಿತ್ತು. ಮನೆಯಲ್ಲಿ ಅಪ್ಪನಿಗೆ ಇನ್ನೂ ಹೇಳಿರಲಿಲ್ಲ.

“ನಿನ್ನ ನೋಟ್ಸ್ ತೋರಿಸಪ್ಪ, ನೋಡೋಣ” ಎಂದೆ. ನಾನು ಹೈಸ್ಕೂಲಿನ ಮೇಷ್ಟ್ರಾಗಿದ್ದವನು. ಎಂಜಿನಿಯರಿಂಗ್ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಹುಡುಗನೊಬ್ಬ ಎಲ್ಲಿ ಎಡವಿದ್ದಾನೆ ಎಂಬುದನ್ನು ಅವನ ಪುಸ್ತಕ ನೋಡಿ ಹೇಳುವ ಅಭ್ಯಾಸ ಮಾತ್ರ ಇನ್ನೂ ಬಿಟ್ಟುಹೋಗಿಲ್ಲ. ಅವನು ಜೇಬಿನಿಂದ ಫೋನು ತೆಗೆದ. ಅದರಲ್ಲಿ ಒಂದು ಕಡತಕೋಶ, ಅದರೊಳಗೆ ಹತ್ತಾರು ಕೋಶಗಳು. ಹಿಂದಿನ ವರ್ಷದವರು ಕೊಟ್ಟ ಪಿಡಿಎಫ್‌ಗಳು, ಬೇರೆ ಕಾಲೇಜಿನ ಅಧ್ಯಾಪಕರ ಟಿಪ್ಪಣಿಗಳು, ಯಾರೋ ಹೆಣ್ಣುಮಗಳು ಮುತ್ತಿನಂಥ ಅಕ್ಷರದಲ್ಲಿ ಬರೆದ ಹಾಳೆಗಳ ಚಿತ್ರಗಳು, ಹಳೆಯ ಪ್ರಶ್ನೆಪತ್ರಿಕೆಗಳು. ಕೊನೆಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನದೂ ಒಂದು ಇತ್ತು!

“ಎಲ್ಲಾ ಇದೆ ತಾತ” ಎಂದ.

“ಇದರಲ್ಲಿ ನಿನ್ನದು ಯಾವುದು ಮರಿ?” ಎಂದು ಕೇಳಿದೆ.

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಎಲ್ಲಾ ನನ್ನ ಹತ್ರಾನೇ ಇದೆಯಲ್ಲ ತಾತ” ಎಂದ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹುಡುಗನ ಮೇಲೆ ಕೋಪದಿಂದಲ್ಲ. ಹತ್ತಿರವಿರುವುದೇ ತನ್ನದು, ಕೂಡಿಟ್ಟದ್ದೇ ಕಲಿತದ್ದು ಎಂಬ ಭ್ರಮೆಯನ್ನು ಅವನ ಪೀಳಿಗೆಗೆ ಹೇಳಿಕೊಟ್ಟವರು ಯಾರು ಎಂದು ಯೋಚಿಸುತ್ತಾ ಹೋದಾಗ, ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ ಎಂಬುದು ಹೊಳೆಯಿತು. ನನ್ನ ಹಳೆಯ ವಿದ್ಯಾರ್ಥಿಗಳಾದ ನಿಮ್ಮೆದುರು ಇದನ್ನು ಒಪ್ಪಿಕೊಳ್ಳದೆ ಈ ವಿಷಯವನ್ನು ಬರೆಯುವ ಅಧಿಕಾರ ನನಗಿಲ್ಲ.

ಮೂವತ್ತನಾಲ್ಕು ವರ್ಷ ನಾನು ಗಣಿತವನ್ನೂ ಭೌತಶಾಸ್ತ್ರವನ್ನೂ ಬೋಧಿಸಿದೆ. ಪಾಠ ಮುಗಿದ ಮೇಲೆ ನಾನು ಮಾಡುತ್ತಿದ್ದ ಕೆಲಸ ನಿಮಗೆ ನೆನಪಿರಬಹುದು. ಮೇಜಿನ ಮೇಲೆ ನನ್ನ ಹಳದಿ ಬಣ್ಣಕ್ಕೆ ತಿರುಗಿದ ಪುಸ್ತಕವನ್ನು ತೆರೆದು, “ಹೂಂ, ಬರೆದುಕೊಳ್ಳಿ” ಎನ್ನುತ್ತಿದ್ದೆ. ನಾನು ಹೇಳುತ್ತಿದ್ದೆ, ನೀವು ಬರೆಯುತ್ತಿದ್ದಿರಿ. ಓಮನ ನಿಯಮ, ಆರ್ಕಿಮಿಡೀಸನ ತತ್ತ್ವ, ಪೈಥಾಗೊರಸನ ಪ್ರಮೇಯ ಎಲ್ಲವೂ ಒಂದೇ ಅಳತೆಯ ವಾಕ್ಯಗಳಲ್ಲಿ ಐವತ್ತು ಪುಸ್ತಕಗಳಿಗೆ ಇಳಿಯುತ್ತಿದ್ದವು. ತಿಂಗಳಿಗೊಮ್ಮೆ ಪುಸ್ತಕಗಳನ್ನು ತರಿಸಿಕೊಂಡು ಕೆಂಪು ಶಾಯಿಯಲ್ಲಿ ‘ನೋಡಿದೆ’ ಎಂದು ಸಹಿ ಹಾಕುತ್ತಿದ್ದೆ. ಚೊಕ್ಕಟವಾಗಿ ಬರೆದವರಿಗೆ ಶಹಭಾಸ್, ಚಿತ್ತು ಮಾಡಿದವರಿಗೆ ಬೈಗುಳ. ಆ ಚಿತ್ತಿನೊಳಗೆ ಒಂದು ಸಂಶಯವಿರಬಹುದು, ಒಂದು ಆಲೋಚನೆ ಮೊಳಕೆಯೊಡೆದಿರಬಹುದು ಎಂದು ನಾನು ನಿಂತು ನೋಡಿದ್ದು ಬಹಳ ಕಡಿಮೆ. ಪರೀಕ್ಷೆಯಲ್ಲಿ ನಿಮಗೆ ಒಳ್ಳೆಯ ಅಂಕಗಳೇ ಬಂದವು. ಆದರೆ ‘ನೋಟ್ಸ್ ಎಂದರೆ ಬೇರೆಯವರು ಕೊಡುವ ವಸ್ತು’ ಎಂಬ ಪಾಠವನ್ನೂ ನಾನು ಅದರ ಜೊತೆಯಲ್ಲೇ ಕಲಿಸಿಬಿಟ್ಟೆ. ಅಂದು ನನ್ನ ಬಾಯಿಂದ ಬಂದದ್ದು ಇಂದು ಫೋನಿನಿಂದ ಬರುತ್ತಿದೆ, ಅಷ್ಟೇ ವ್ಯತ್ಯಾಸ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆಯನ್ನು ನಾನು ಕೆಲವು ವರ್ಷಗಳ ಹಿಂದೆ ಕಂಡೆ. ನಿಮ್ಮಲ್ಲೇ ಒಬ್ಬ ಅವನು. ಹೆಸರು ಹೇಳಬೇಡಿ ಸಾರ್ ಎಂದಿದ್ದಾನೆ, ಆದ್ದರಿಂದ ಹೇಳುವುದಿಲ್ಲ. ರೈತರ ಮನೆಯ ಹುಡುಗ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಾಲಿಟೆಕ್ನಿಕ್ ಸೇರಿ ಸಿವಿಲ್ ಡಿಪ್ಲೊಮಾ ಮಾಡಿ, ಆಮೇಲೆ ಎರಡನೆಯ ವರ್ಷದ ಬಿ.ಇ.ಗೆ ನೇರವಾಗಿ ಸೇರಿ ಎಂಜಿನಿಯರ್ ಆದವನು. ಊರಿಗೆ ಬಂದಿದ್ದಾಗ ನನ್ನನ್ನು ನೋಡಲು ಬಂದು, ತಾನು ಓದುವ ಕಾಲದಿಂದ ಬರೆದುಕೊಂಡು ಬಂದಿರುವ ಟಿಪ್ಪಣಿಗಳನ್ನೆಲ್ಲ ಅಂತರ್ಜಾಲದಲ್ಲಿ ಒಂದು ಕಡೆ ಇಟ್ಟುಕೊಂಡಿರುವುದಾಗಿ ಹೇಳಿ ತೋರಿಸಿದ. ಮೊದಲು ನಾನು ಅದನ್ನು ದೊಡ್ಡದೆಂದು ಎಣಿಸಲಿಲ್ಲ. ನೋಡುತ್ತಾ ಹೋದಂತೆ ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ನೋಡಿದೆ.

ಪಾಲಿಟೆಕ್ನಿಕ್ ಸೇರಿದಾಗ ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲ ಮೂರು ತಿಂಗಳು ಏನೂ ತಲೆಗೆ ಹೋಗಲಿಲ್ಲವಂತೆ. ಆಗ ಅವನು ಎರಡು ಪುಸ್ತಕಗಳನ್ನು ಇಟ್ಟುಕೊಂಡ. ಒಂದು ಮೇಷ್ಟ್ರಿಗೆ ತೋರಿಸುವುದಕ್ಕೆ, ಇನ್ನೊಂದು ತನಗೆ. ತನಗೆಂದು ಇಟ್ಟ ಪುಸ್ತಕದಲ್ಲಿ ತನಗೆ ತಿಳಿದಂತೆ, ತನ್ನ ಮಾತಿನಲ್ಲಿ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ತೊಲೆ ಬಾಗುವ ಬಗೆಯನ್ನು ಅವನು ಅರ್ಥ ಮಾಡಿಕೊಂಡದ್ದು ಊರಿನ ಕಾಲುವೆಗೆ ಅಡ್ಡಲಾಗಿ ಹಾಕಿದ್ದ ಹಲಗೆಯಿಂದ. ನಾವು ನಡುವೆ ನಿಂತರೆ ಹಲಗೆ ಕೆಳಕ್ಕೆ ಬಾಗುತ್ತದೆ. ಆಗ ಅದರ ಕೆಳಮೈ ಹಿಗ್ಗುತ್ತದೆ, ಮೇಲ್ಮೈ ಕುಗ್ಗುತ್ತದೆ. ಎರಡೂ ತುದಿಗೆ ಬಿಂದಿಗೆ ಕಟ್ಟಿ ಹೆಗಲ ಮೇಲೆ ಹೊರುವ ಅಡ್ಡೆಯದು ಇದಕ್ಕೆ ವಿರುದ್ಧ. ಅಲ್ಲಿ ತುದಿಗಳು ಕೆಳಕ್ಕೆ ಬಾಗುವುದರಿಂದ ಹಿಗ್ಗುವುದು ಮೇಲ್ಮೈ. ಹಲಗೆಯ ಚಿತ್ರ, ಅಡ್ಡೆಯ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು, ‘ಎಲ್ಲಿ ಹಿಗ್ಗುತ್ತದೋ ಅಲ್ಲಿ ಕಬ್ಬಿಣ’ ಎಂದು ಕೆಳಗೆ ಬರೆದುಕೊಂಡಿದ್ದ. ಕಾಂಕ್ರೀಟಿಗೆ ಅದುಮುವ ಬಲವನ್ನು ತಾಳುವ ಶಕ್ತಿ ಬಹಳ. ಎಳೆತವನ್ನು ತಾಳುವ ಶಕ್ತಿ ಅದರ ಹತ್ತರಲ್ಲೊಂದು ಪಾಲಿನಷ್ಟು. ಆ ಕೊರತೆ ತುಂಬಲೆಂದೇ ಉಕ್ಕಿನ ಸರಳು. ಇಡೀ ಅಧ್ಯಾಯವೊಂದರ ಸಾರ ಅವನ ನಾಲ್ಕು ಪದಗಳಲ್ಲಿತ್ತು.

ಅದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ ಪುಟ ಇನ್ನೊಂದು. ಎರಡು ತುದಿಯ ಆಸರೆಯ ಮೇಲೆ ಮಲಗಿರುವ 4 ಮೀಟರ್ ಉದ್ದದ ತೊಲೆ. ಅದರ ಮೇಲೆ ಉದ್ದಕ್ಕೂ ಸಮನಾಗಿ, ಪ್ರತಿ ಮೀಟರಿಗೆ 10 ಕಿಲೋನ್ಯೂಟನ್ ಭಾರ. (1 ಕಿಲೋನ್ಯೂಟನ್ ಎಂದರೆ ಸುಮಾರು ಎರಡು ಮೂಟೆ ಸಿಮೆಂಟಿನ ತೂಕ ಎಂದು ಪಕ್ಕದಲ್ಲೇ ಬರೆದುಕೊಂಡಿದ್ದ!) ಒಟ್ಟು ಭಾರ 40, ಒಂದೊಂದು ಆಸರೆ ಹೊರುವುದು 20. ನಡುವಿನಲ್ಲಿ ತೊಲೆಯನ್ನು ಬಾಗಿಸುವ ಮೊಮೆಂಟ್ ಎಷ್ಟು? ಅವನು ಮೊದಲು ಹಾಕಿದ ಲೆಕ್ಕ: ಆಸರೆಯಿಂದ ಬಂದದ್ದು 20 ಗುಣಿಸು 2, ಅಂದರೆ 40. ಅದರಲ್ಲಿ ಕಳೆಯಬೇಕಾದದ್ದು ಎಡ ಅರ್ಧದ ಭಾರ 20 ಗುಣಿಸು 2, ಅಂದರೆ 40. ಉತ್ತರ ಸೊನ್ನೆ.

ಅದರ ಕೆಳಗೆ ಅವನು ಬರೆದಿದ್ದ: ‘ಸೊನ್ನೆ ಬಂತು. ಹಾಗಾದರೆ ನಡುವೆ ತೊಲೆ ಬಾಗುವುದೇ ಇಲ್ಲವೇ? ಕಾಲುವೆಯ ಹಲಗೆ ಬಾಗುತ್ತದಲ್ಲ! ಎಲ್ಲೋ ತಪ್ಪಿದೆ.’ ಎರಡು ದಿನ ಬಿಟ್ಟು ಬೇರೆ ಶಾಯಿಯಲ್ಲಿ: ‘ತಪ್ಪು ಸಿಕ್ಕಿತು. ಅರ್ಧ ತೊಲೆಯ ಭಾರ ಒಟ್ಟಾಗಿ ತುದಿಯಲ್ಲಿ ಕುಳಿತಿಲ್ಲ, ಆ ಅರ್ಧದ ನಡುವಿನಲ್ಲಿ ಕುಳಿತಂತೆ ಲೆಕ್ಕ. ದೂರ 2 ಅಲ್ಲ, 1. ಆದ್ದರಿಂದ 40ರಲ್ಲಿ 20 ಹೋದರೆ 20.’ ಭಾರವನ್ನು ಉದ್ದದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಬೇಕೆಂಬ ಸೂತ್ರ ಪುಸ್ತಕದಲ್ಲಿದೆ. 10ನ್ನು 16ರಿಂದ ಗುಣಿಸಿ 8ರಿಂದ ಭಾಗಿಸಿದರೆ 20 ಬರುತ್ತದೆ. ಸರಿಯಾಯಿತು. ಆ ಸೂತ್ರವನ್ನು ಬಾಯಿಪಾಠ ಮಾಡಿದವರು ಸಾವಿರಾರು ಮಂದಿ ಇದ್ದಾರೆ. ಸೊನ್ನೆಯ ಮುಂದೆ ಎರಡು ದಿನ ಕುಳಿತವನಿಗೆ ಮಾತ್ರ ಅದು ಸ್ವಂತದ್ದಾಗುತ್ತದೆ.

ಅಂತರ್ಜಾಲಕ್ಕೆ ಏರಿಸುವಾಗಲೂ ಆ ತಪ್ಪನ್ನು ಅವನು ಅಳಿಸಿರಲಿಲ್ಲ. “ಏಕಯ್ಯಾ, ತಿದ್ದಿ ಹಾಕಬಹುದಾಗಿತ್ತಲ್ಲ” ಎಂದೆ. “ಸಾರ್, ಸರಿಯುತ್ತರ ಎಲ್ಲಾ ಪುಸ್ತಕದಲ್ಲೂ ಇರುತ್ತೆ. ನಾನು ಎಲ್ಲಿ ಬೀಳ್ತೀನಿ ಅನ್ನೋದು ಇದೊಂದರಲ್ಲೇ ಇರೋದು” ಎಂದ. ಆಮೇಲೆ ಸ್ವಲ್ಪ ಸಂಕೋಚದಿಂದ ನಗುತ್ತಾ, “ನೀವು ಒಂಬತ್ತನೇ ಕ್ಲಾಸಿನಲ್ಲಿ ನನ್ನ ಪುಸ್ತಕದ ಅಂಚಿನಲ್ಲಿ ಗೀಚಿದ್ದೀಯ ಅಂತ ಇಡೀ ಪಾಠ ಮತ್ತೆ ಬರೆಸಿದ್ದಿರಿ ಸಾರ್. ಅವತ್ತಿಂದ ಗೀಚೋಕೆ ಬೇರೆ ಪುಸ್ತಕ ಇಟ್ಟುಕೊಂಡೆ” ಎಂದ. ನನಗೆ ಆ ಪ್ರಸಂಗ ನೆನಪಿರಲಿಲ್ಲ. ಅವನಿಗಿತ್ತು. ಹೊಡೆದ ಕೈ ಮರೆಯುತ್ತದೆ, ಹೊಡೆಸಿಕೊಂಡ ಬೆನ್ನು ಮರೆಯುವುದಿಲ್ಲ.

ಈ ಟಿಪ್ಪಣಿಗಳು ಅವನಿಗೆ ಉಪಯೋಗಕ್ಕೆ ಬಂದದ್ದು ಪರೀಕ್ಷೆಗಿಂತ ಹೆಚ್ಚಾಗಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ. ಒಂದು ಮನೆಯ ಕಟ್ಟಡ. ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿರುವ ಬಾಲ್ಕನಿಗೆ ಮರುದಿನ ಕಾಂಕ್ರೀಟ್ ಹಾಕುವುದಿತ್ತು. ಇವನು ಹೋಗಿ ನೋಡಿದಾಗ ಮೇಲಿರಬೇಕಾದ ಸರಳುಗಳು ಕೆಲಸದವರ ತುಳಿತಕ್ಕೆ ಸಿಕ್ಕಿ ಕೆಳಗೆ ಕುಳಿತುಬಿಟ್ಟಿದ್ದವು. ಮೇಸ್ತ್ರಿ ಅನುಭವಸ್ಥರು, ವಯಸ್ಸಿನಲ್ಲಿ ಹಿರಿಯರು. “ಕಬ್ಬಿಣ ಇದೆಯಲ್ಲ ಸಾರ್, ಮೇಲಿದ್ದರೇನು ಕೆಳಗಿದ್ದರೇನು” ಎಂದರಂತೆ. ಇವನು ವಾದಕ್ಕೆ ಇಳಿಯದೆ ಫೋನಿನಲ್ಲಿ ತನ್ನ ಹಳೆಯ ಪುಟವನ್ನು ತೆಗೆದು ಹಲಗೆ ಮತ್ತು ಅಡ್ಡೆಯ ಚಿತ್ರಗಳನ್ನು ತೋರಿಸಿದ. ಬಾಲ್ಕನಿಯೆಂದರೆ ಹೆಗಲಿನಿಂದ ಒಂದೇ ಕಡೆಗೆ ಚಾಚಿದ ಅಡ್ಡೆ, ಹಿಗ್ಗುವುದು ಮೇಲ್ಮೈ. ಅಲ್ಲಿ ಸರಳಿಲ್ಲದಿದ್ದರೆ ಒಂದು ದಿನ ಅದು ಬುಡದಲ್ಲೇ ಬಿರಿದು ಕೆಳಗೆ ಬೀಳಬಹುದು. ಅಡ್ಡೆ ಹೊತ್ತು ಬೆಳೆದ ಮೇಸ್ತ್ರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಸರಳುಗಳನ್ನು ಎತ್ತಿ, ಕೆಳಗೆ ಆಸರೆ ಕೊಟ್ಟು ಕಟ್ಟಿಸಿದರು. ಆ ಬಾಲ್ಕನಿಯಲ್ಲಿ ಇಂದು ಯಾರದೋ ಮನೆಯ ಮಕ್ಕಳು ನಿಂತು ಆಡುತ್ತಿರಬಹುದು. ಇಂಥ ಟಿಪ್ಪಣಿಗೆ ಎಷ್ಟು ಅಂಕ ಕೊಡಬೇಕು, ಹೇಳಿ?

ಇತಿಹಾಸದಲ್ಲಿಯೂ ಇದಕ್ಕೆ ದೊಡ್ಡ ನಿದರ್ಶನವಿದೆ. ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಶಾಲೆಯ ಓದು ಅಲ್ಪ. ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವರ ಬಳಿ ಕೆಲಸ ಕಲಿಯುತ್ತಿದ್ದ. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟಿನ ದೆಸೆಯಿಂದ ಸರ್ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿದ. ಕೇಳಿದ್ದನ್ನು ಮನೆಗೆ ಬಂದು ವಿಸ್ತರಿಸಿ, ಚಿತ್ರಗಳೊಂದಿಗೆ ಬರೆದು, ತಾನೇ ರಟ್ಟು ಕಟ್ಟಿ, ಸುಮಾರು 300 ಪುಟಗಳ ಪುಸ್ತಕವನ್ನಾಗಿ ಮಾಡಿ ಡೇವಿಗೆ ಕಳುಹಿಸಿದ. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಟಿಪ್ಪಣಿಯೇ ಅವನ ಅರ್ಹತಾಪತ್ರ! ಮುಂದೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಆ ಮಹಾನುಭಾವ ದಿನಚರಿ ಬರೆಯುವುದನ್ನು ಬಿಡಲಿಲ್ಲ. ಅವನ ಪ್ರಯೋಗಗಳ ದಿನಚರಿಯಲ್ಲಿ ಕ್ರಮಸಂಖ್ಯೆ ಹಾಕಿದ ಪ್ಯಾರಾಗಳೇ 16,000ಕ್ಕೂ ಹೆಚ್ಚು. ಗುರುತ್ವಕ್ಕೂ ವಿದ್ಯುತ್ತಿಗೂ ಸಂಬಂಧ ಹುಡುಕಲು ಹೋಗಿ ಸೋತ ಪ್ರಯೋಗಗಳನ್ನೂ ಗೆದ್ದವುಗಳಷ್ಟೇ ಶ್ರದ್ಧೆಯಿಂದ ಬರೆದಿಟ್ಟ.

ನಮ್ಮ ಶ್ರೀನಿವಾಸ ರಾಮಾನುಜನ್ ಅವರ ಪುಸ್ತಕಗಳು ಇನ್ನೊಂದು ಪಾಠವನ್ನು ಹೇಳುತ್ತವೆ. ಕಾಗದ ಕೊಳ್ಳಲು ಹಣವಿಲ್ಲದೆ ಅವರು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಫಲಿತಾಂಶವನ್ನು ಮಾತ್ರ ಪುಸ್ತಕಕ್ಕೆ ಇಳಿಸುತ್ತಿದ್ದರು. 1920ರಲ್ಲಿ 32ನೆಯ ವಯಸ್ಸಿನಲ್ಲೇ ತೀರಿಕೊಂಡರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆ ಪುಸ್ತಕಗಳ ಯಥಾಪ್ರತಿಯನ್ನು 1957ರಲ್ಲಿ ಪ್ರಕಟಿಸಿತು. ಅವುಗಳಲ್ಲಿನ ಸೂತ್ರಗಳಿಗೆ ಸಾಧನೆಗಳನ್ನು ಒದಗಿಸಿ ಬ್ರೂಸ್ ಬರ್ಂಟ್ ಎಂಬ ಅಮೆರಿಕದ ಗಣಿತಜ್ಞರು ಸಂಪಾದಿಸಿದ ಐದು ಸಂಪುಟಗಳು ಹೊರಬಂದದ್ದು 1985ರಿಂದ 1998ರವರೆಗಿನ ಅವಧಿಯಲ್ಲಿ. ರಾಮಾನುಜನ್‌ರಂಥ ಮೇಧಾವಿಗೆ ಉತ್ತರವಷ್ಟೇ ಸಾಕಾಗಿತ್ತು. ನಮ್ಮಂಥವರು ಉತ್ತರವನ್ನಷ್ಟೇ ಬರೆದಿಟ್ಟರೆ ಹತ್ತು ವರ್ಷಗಳ ಬಳಿಕ ನಮ್ಮ ಬರಹ ನಮಗೇ ಅರ್ಥವಾಗದು. ಆದಕಾರಣ ‘ಏಕೆ’ ಎಂಬುದನ್ನೂ ಬರೆದಿಡಬೇಕು. ಹತ್ತು ವರ್ಷಗಳ ಮುಂದಿನ ನಾವು ಇಂದಿನ ನಮಗೆ ಅಪರಿಚಿತರೇ ಸರಿ.

ಸಂಖ್ಯೆಯ ಪಕ್ಕದಲ್ಲಿ ಅದರ ಮಾನವನ್ನು ಬರೆಯಿರಿ ಎಂದು ತರಗತಿಯಲ್ಲಿ ನಾನು ಗಂಟಲು ಹರಿದುಕೊಂಡದ್ದು ನಿಮಗೆ ನೆನಪಿರಬೇಕು. ಅದಕ್ಕೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ! 1983ರ ಜುಲೈನಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು ಆಕಾಶದಲ್ಲಿ ಹಾರುತ್ತಿರುವಾಗಲೇ ಇಂಧನ ಮುಗಿದು ಎರಡೂ ಎಂಜಿನ್ನುಗಳು ನಿಂತುಹೋದವು. ಕೆನಡಾ ಆಗ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿದ್ದ ಕಾಲ. ಇಂಧನದ ಮಾಪಕ ಕೆಟ್ಟಿದ್ದುದರಿಂದ ಕೈಯಲ್ಲೇ ಲೆಕ್ಕ ಹಾಕಿದ್ದರು. ಒಂದು ಲೀಟರ್ ಇಂಧನ ಸುಮಾರು 0.8 ಕಿಲೋಗ್ರಾಂ ತೂಗುತ್ತದೆ; ಪೌಂಡಿನಲ್ಲಿ ಹೇಳಿದರೆ 1.77. ಕಿಲೋಗ್ರಾಂ ಬೇಕಾದಲ್ಲಿ 1.77 ಎಂಬ ಸಂಖ್ಯೆಯನ್ನು ಹಿಡಿದು ಲೆಕ್ಕ ಮಾಡಿದ್ದರಿಂದ ಬೇಕಾದುದರ ಅರ್ಧಕ್ಕಿಂತಲೂ ಕಡಿಮೆ ಇಂಧನ ತುಂಬಿಸಲಾಗಿತ್ತು. ಚಾಲಕರು ವಿಮಾನವನ್ನು ಗಾಳಿಪಟದಂತೆ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ದೈವದಯೆ, ಯಾರೂ ಸಾಯಲಿಲ್ಲ. ಮಾನವಿಲ್ಲದ ಸಂಖ್ಯೆ, ಯಾವ ಊರೆಂದು ಬರೆಯದ ಮೈಲಿಗಲ್ಲಿನಂತೆ.

ಇಂದಿನ ಮಕ್ಕಳು ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ. “ಎಲ್ಲವೂ ಬೆರಳ ತುದಿಯಲ್ಲಿ ಸಿಗುವಾಗ ನಾನೇಕೆ ಬರೆಯಬೇಕು?” ನಿಜ, ಸಿಗುತ್ತದೆ. ಅಮೆರಿಕದ ಎಂಐಟಿ ತನ್ನ ಪಾಠಸಾಮಗ್ರಿಯನ್ನು ಎಲ್ಲರಿಗೂ ತೆರೆದಿಡುವುದಾಗಿ 2001ರಲ್ಲಿ ಘೋಷಿಸಿತು. ಐಐಟಿಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಆರಂಭಿಸಿದವು. ಹಳ್ಳಿಯ ಹುಡುಗನೊಬ್ಬ ದೊಡ್ಡ ಪ್ರಾಧ್ಯಾಪಕರ ಪಾಠವನ್ನು ಮನೆಯಲ್ಲೇ ಕುಳಿತು ಕೇಳಬಹುದಾದ ಈ ಕಾಲವನ್ನು ನಾನು ಹಳಿಯಲಾರೆ. ಈಗಂತೂ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಅಧ್ಯಾಯವೊಂದನ್ನು ಕೊಟ್ಟರೆ ಕ್ಷಣಮಾತ್ರದಲ್ಲಿ ಅಚ್ಚುಕಟ್ಟಾದ ಸಾರಾಂಶವನ್ನು ಬರೆದುಕೊಡುತ್ತದೆ. ಆದರೆ ಅದು ಬರೆದುಕೊಟ್ಟದ್ದು ಅದರ ನೋಟ್ಸ್. ನನ್ನ ಹಳದಿ ಪುಸ್ತಕದ ಉಕ್ತಲೇಖನ ನಿಮ್ಮದಾಗದಿದ್ದಂತೆಯೇ ಅದೂ ಆ ಹುಡುಗನದಾಗದು. ನೆರೆಮನೆಯವರಿಂದ ಎರವಲು ತಂದ ಒಡವೆಯಿಂದ ಮದುವೆಯೊಂದನ್ನು ಕಳೆಯಬಹುದು, ಬಾಳನ್ನು ಕಳೆಯಲಾಗದು. ಕೇಳಿ, ಓದಿ, ನೋಡಿ. ಆಮೇಲೆ ಎಲ್ಲವನ್ನೂ ಮುಚ್ಚಿಟ್ಟು, ನೆನಪಿನಿಂದ ಒಂದು ಪುಟ ಬರೆಯಿರಿ. ಎಲ್ಲಿ ಲೇಖನಿ ನಿಲ್ಲುತ್ತದೆಯೋ ಅಲ್ಲಿಯವರೆಗೆ ನಿಮ್ಮ ಜ್ಞಾನ. ಅದಕ್ಕಿಂತ ಪ್ರಾಮಾಣಿಕವಾದ ಪರೀಕ್ಷಕರನ್ನು ನಾನು ಕಂಡಿಲ್ಲ.

ಸೆಮಿಸ್ಟರಿನ ಅವಸರದಲ್ಲಿ ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ ಎಂಬುದು ಇನ್ನೊಂದು ಆಕ್ಷೇಪ. ಎಲ್ಲವನ್ನೂ ಬರೆಯಬೇಕಾಗಿಲ್ಲ. ಪುಸ್ತಕದಲ್ಲಿ ಸಿಗುವುದನ್ನು ನಕಲು ಮಾಡುವುದೇ ಬೇಡ. ತನಗೆ ಅರ್ಥವಾಗದೆ ಇದ್ದದ್ದು, ಅರ್ಥವಾದ ಬಗೆ, ಮಾಡಿದ ತಪ್ಪು, ನೆನಪಿಡಲು ಹೊಳೆದ ಉಪಮೆ ಇಷ್ಟು ಸಾಕು. ವಿಷಯಕ್ಕೆ ವಾರಕ್ಕೊಂದು ಪುಟ ಬರೆದರೂ ನಾಲ್ಕು ವರ್ಷಗಳಲ್ಲಿ ಅದೊಂದು ಗ್ರಂಥವಾಗುತ್ತದೆ. ಹನಿಗೂಡಿದರೆ ಹಳ್ಳ ಎಂಬುದು ಸುಳ್ಳಲ್ಲ.

ಹಾಗೆ ಬರೆದದ್ದನ್ನು ಗಣಕಯಂತ್ರದಲ್ಲಿ, ಅಂತರ್ಜಾಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದೇ. ಬೇಕಾದ ಪದವನ್ನು ಕೊಟ್ಟರೆ ಪುಟ ತಾನಾಗಿ ಎದುರು ಬಂದು ನಿಲ್ಲುತ್ತದೆ. ಇಪ್ಪತ್ತು ಪುಸ್ತಕಗಳನ್ನು ಹೊತ್ತು ಕಟ್ಟಡದ ಬಳಿಗೆ ಹೋಗಬೇಕಾಗಿಲ್ಲ. ಆದರೆ ಅಲ್ಲಿ ಇಟ್ಟದ್ದು ಶಾಶ್ವತವೆಂಬ ನಂಬಿಕೆ ಬೇಡ. ಆ ಹುಡುಗ ಮೊದಲು ಉಚಿತವಾಗಿ ದೊರೆಯುತ್ತಿದ್ದ ಒಂದು ತಾಣದಲ್ಲಿ ಟಿಪ್ಪಣಿಗಳನ್ನು ಇಟ್ಟಿದ್ದನಂತೆ. ಒಂದು ದಿನ ಅದು ಮುಚ್ಚಿಹೋಯಿತು, ಎರಡು ವರ್ಷದ ಶ್ರಮ ಅದರೊಂದಿಗೆ ಹೋಯಿತು. ಕೈಬರಹದ ಪುಸ್ತಕಗಳು ಮನೆಯ ಅಟ್ಟದಲ್ಲಿದ್ದುದರಿಂದ ಮತ್ತೆ ಕೂಡಿಸಿಕೊಂಡ. ನನ್ನ ಕಥೆಯೂ ಅದೇ. ನಿವೃತ್ತಿಯ ಹೊಸತರಲ್ಲಿ ಆಸೆಪಟ್ಟು ಕಲಿತು ಬೆರಳಚ್ಚು ಮಾಡಿದ್ದ ಲೇಖನಗಳನ್ನು ಹೊಸ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅಂದು ಬಳಸಿದ್ದ ಅಕ್ಷರಸಂಕೇತ ಇಂದಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಅದು ನನಗೆ ತಿಳಿದದ್ದು ತಡವಾಗಿ. ಆದ್ದರಿಂದ ಯೂನಿಕೋಡಿನಲ್ಲಿ, ಯಾವ ತಂತ್ರಾಂಶದಲ್ಲಾದರೂ ತೆರೆದುಕೊಳ್ಳುವ ಸರಳ ರೂಪದಲ್ಲಿ ಬರೆಯಿರಿ. ಒಂದು ಪ್ರತಿ ಅಂತರ್ಜಾಲದಲ್ಲಿದ್ದರೆ ಇನ್ನೊಂದು ನಿಮ್ಮ ಕೈಯಲ್ಲಿರಲಿ. ಪುಟಪುಟಕ್ಕೂ ತಾರೀಖು ಹಾಕಿ. ನಿಯಮಗಳೂ ಸಂಹಿತೆಗಳೂ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಎಂದು ಬರೆದದ್ದೆಂಬುದು ಮುಖ್ಯ.

ನಾಲ್ಕು ಜನಕ್ಕೆ ತೆರೆದಿಡುವುದಾದರೆ ಇನ್ನೂ ಎರಡು ಮಾತು. ಪಠ್ಯಪುಸ್ತಕದ ಪುಟಗಳನ್ನೂ ಅಧ್ಯಾಪಕರ ಬರಹವನ್ನೂ ಚಿತ್ರ ತೆಗೆದು ತನ್ನದೆಂಬಂತೆ ಹಾಕುವುದು ಸಭ್ಯತೆಯಲ್ಲ. ಕೆಲಸ ಮಾಡುವ ಕಡೆಯ ನಕ್ಷೆ, ಲೆಕ್ಕಗಳನ್ನು ಅಪ್ಪಣೆಯಿಲ್ಲದೆ ಹಾಕುವುದು ದ್ರೋಹ. ಓದುವವರಿಗೂ ಒಂದು ಎಚ್ಚರಿಕೆ: ಇನ್ನೊಬ್ಬನ ಟಿಪ್ಪಣಿ ದಾರಿ ತೋರುವ ಕೈಯೇ ಹೊರತು ನಡೆಯುವ ಕಾಲಲ್ಲ. ನನ್ನ ಆ ವಿದ್ಯಾರ್ಥಿ ತನ್ನ ಮೊದಲ ಪುಟದಲ್ಲೇ, ‘ಇವು ನನಗಾಗಿ ಬರೆದುಕೊಂಡವು, ತಪ್ಪುಗಳಿರುತ್ತವೆ, ಕಟ್ಟುವ ಮೊದಲು ನೀವೇ ಲೆಕ್ಕ ಹಾಕಿ’ ಎಂದು ಬರೆದಿದ್ದಾನೆ. ಅವನ ವಿನಯವೂ ವಿವೇಕವೂ ಆ ಒಂದು ಸಾಲಿನಲ್ಲಿವೆ.

ಹಬ್ಬದ ಮರುದಿನ ಬೆಳಿಗ್ಗೆ ಅಣ್ಣನ ಮೊಮ್ಮಗನನ್ನು ಕರೆದುಕೊಂಡು ಹೋಗಿ ಪೇಟೆಯಲ್ಲಿ 200 ಪುಟದ ಒಂದು ನೋಟ್‌ಬುಕ್ ಕೊಡಿಸಿದೆ. “ನಿನ್ನ ಪಿಡಿಎಫ್‌ಗಳನ್ನೆಲ್ಲ ಇಟ್ಟುಕೋ, ಯಾವುದನ್ನೂ ಬಿಸಾಡಬೇಡ. ಆದರೆ ಇದರಲ್ಲಿ ಮಾತ್ರ ಬೇರೆಯವರ ವಾಕ್ಯ ಒಂದೂ ಇರಕೂಡದು. ಚಿತ್ತಾದರೂ ಚಿಂತೆಯಿಲ್ಲ” ಎಂದೆ. ಅಪ್ಪನಿಗೆ ವಿಷಯ ತಿಳಿಸುವಂತೆಯೂ ಹೇಳಿದೆ. ನಾನೂ ಜೊತೆಗೆ ಕುಳಿತುಕೊಂಡೆ. ಅವನು ಊರಿಗೆ ಹೋದ ಹತ್ತನೆಯ ದಿನಕ್ಕೆ ನನ್ನ ಫೋನಿಗೆ ಒಂದು ಚಿತ್ರ ಬಂತು. ಸೊಟ್ಟ ಸೊಟ್ಟ ಅಕ್ಷರ, ಎರಡು ಕಡೆ ಕಾಟು, ಒಂದು ಬಾಗಿದ ತೊಲೆಯ ಚಿತ್ರ. ಮೊದಲ ಸಾಲು: ‘ಇದು ನನಗೆ ಇನ್ನೂ ಅರ್ಥವಾಗಿಲ್ಲ.’

ಪರೀಕ್ಷೆಯಲ್ಲಿ ಅವನು ಏನು ಮಾಡುತ್ತಾನೋ ನಾನರಿಯೆ. ಆ ಒಂದು ಸಾಲಿಗೆ ಮಾತ್ರ ಮನಸ್ಸಿನಲ್ಲೇ ‘ನೋಡಿದೆ’ ಎಂದು ಸಹಿ ಹಾಕಿದೆ. ಕೆಂಪು ಶಾಯಿಯಲ್ಲಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಾನು ಬರೆಸಿದ ಪುಸ್ತಕಗಳನ್ನು ನೀವು ಎಂದೋ ರದ್ದಿಗೆ ಹಾಕಿರುತ್ತೀರಿ; ಬೇಸರವಿಲ್ಲ, ಅದಕ್ಕೇ ಯೋಗ್ಯವಾದವು ಅವು. ನಿಮಗಾಗಿ ನೀವು ಬರೆದುಕೊಂಡದ್ದು ಒಂದು ಪುಟವಾದರೂ ಅಟ್ಟದಲ್ಲಿ ಉಳಿದಿದ್ದರೆ ಅದನ್ನು ಎಸೆಯಬೇಡಿ. ಕೆಳಗಿಳಿಸಿ, ಧೂಳು ಕೊಡವಿ, ನಿಮ್ಮ ಮಕ್ಕಳಿಗೆ ತೋರಿಸಿ. ಅಪ್ಪ ಅಮ್ಮಂದಿರೂ ಒಂದು ಕಾಲದಲ್ಲಿ ತಪ್ಪು ಮಾಡಿ, ಕಾಟು ಹಾಕಿ ಕಲಿತವರೆಂದು ಅವರಿಗೆ ತಿಳಿಯಲಿ. ಅಂಚಿನಲ್ಲಿ ಗೀಚಿದ್ದಕ್ಕೆ ನನ್ನಿಂದ ಬೈಸಿಕೊಂಡವರು ನಿಮ್ಮಲ್ಲಿ ಇನ್ನೂ ಯಾರಾದರೂ ಇದ್ದರೆ, ಈ ಮುದಿ ಮೇಷ್ಟ್ರನ್ನು ಕ್ಷಮಿಸಿ.

ಎಲ್ಲರಿಗೂ ಒಳ್ಳೆಯದಾಗಲಿ.